ಬಲತುದಿಯ ಎಂಟು ಮನೆ

ಪಿಯಾನೊ ಹೊರುವುದನ್ನು ಮೊದಲು ಬಿಟ್ಟೆ.
ತ್ಬಿಲಿಸಿಯ ಹಳೆಕೇರಿ ಸೊಲೊಲಾಕಿ, ಮರದ ಮೆಟ್ಟಿಲು, ಮೂರನೇ ಮಹಡಿ,
ಇನ್ನೂರೈವತ್ತು ಕಿಲೊ ತೂಗುವ ಕರಿ ಪೆಟ್ಟಿಗೆ,
ಅದರ ಕೆಳಗೆ ನನ್ನ ಹೆಗಲು. ಆಗ ಮೂವತ್ತೊಂದು.
ಮರುದಿನವೇ ಜುರಾಬನ ವ್ಯಾನಿಗೆ ಫೋನು ಮಾಡಿದೆ.
ಯೋಚನೆ ಬೇಕಿರಲಿಲ್ಲ, ಸೊಂಟ ತೀರ್ಪು ಕೊಟ್ಟಿತ್ತು.
ತಾ ಮಾಡುವುದೇ ಉತ್ತಮ ಎನ್ನುವ ಗಾದೆ
ಪಿಯಾನೊ ಹೊತ್ತವರ ಬಾಯಿಂದ ಬಂದದ್ದಲ್ಲ.

ಆಮೇಲೆ ವಾರ್ನಿಷು.
ಅದನ್ನು ಬಿಡಲು ಆರು ವರ್ಷ ಹಿಡಿಯಿತು,
ಯಾಕೆಂದರೆ ಅದು ನನಗೆ ಚೆನ್ನಾಗಿ ಬರುತ್ತಿತ್ತು.
ಬರುವುದೆಲ್ಲ ನನ್ನದೇ ಕೆಲಸ ಎಂದುಕೊಂಡು
ಎಷ್ಟು ಭಾನುವಾರಗಳನ್ನು ಒಣಗಲು ಬಿಟ್ಟೆ,
ಪದರದ ಮೇಲೆ ಪದರ!
ಈಗ ವೇರಾ ಬಡಾವಣೆಯ ಎತೇರಿ ಮಾಡುತ್ತಾಳೆ.
ಅವಳು ಮೆರುಗಿಟ್ಟ ಮುಚ್ಚಳದಲ್ಲಿ ನನ್ನ ಮುಖ
ನಾನು ಮೆರುಗಿಟ್ಟದ್ದಕ್ಕಿಂತ ಸ್ಪಷ್ಟ.
ಹೊಟ್ಟೆ ಉರಿಯಿತು. ಹಣ ಕೊಟ್ಟೆ.

ಲೆಕ್ಕಪತ್ರದ್ದು ಮಾತ್ರ ತಿರುಗುಮುರುಗು:
ಕೊಟ್ಟಿದ್ದೆ, ವಾಪಸು ತಂದುಕೊಂಡೆ.
ತೆಂಗಿಜ್ (ತಂಗಿಯ ಗಂಡನ ಅಣ್ಣ, ಸಭ್ಯ,
ಬರುವಾಗಲೆಲ್ಲ ಮನೆಯ ವೈನು ತರುತ್ತಿದ್ದ)
ಎರಡು ವರ್ಷದ ತೆರಿಗೆ ನೋಟೀಸುಗಳನ್ನು
ಲಕೋಟೆ ಒಡೆಯದೆ ಡ್ರಾಯರಿನಲ್ಲಿ ಮಲಗಿಸಿದ್ದ.
ನಲವತ್ತೇಳರಲ್ಲಿ ಕೂತು ಕೂಡಿ ಕಳೆಯುವುದು ಕಲಿತೆ,
ಎಡಗೈ ಪಾಠಕ್ಕೆ ಅಳುವ ಹುಡುಗಿಯಂತೆ.
ಇಷ್ಟವಾಗಲಿಲ್ಲ. ಆಗಬೇಕೆಂದೇನೂ ಇಲ್ಲ.
ಕೆಲವು ವಿದ್ಯೆ ಮಾಡಲಿಕ್ಕಲ್ಲ,
ಇನ್ನೊಬ್ಬ ಮಾಡುವಾಗ ಎಲ್ಲಿ ನೋಡಬೇಕೆಂದು ತಿಳಿಯಲಿಕ್ಕೆ.

ಸುತ್ತಿಗೆಯ ಗಟ್ಟಿ ಉಣ್ಣೆಗೆ ಸೂಜಿ ಚುಚ್ಚಿ ಚುಚ್ಚಿ
ದನಿ ಮೆದು ಮಾಡುವುದು,
ಅದು ಯಾರಿಗೂ ಇಲ್ಲ.
ಲಾಭ ನೋಡಿದರೆ ಎಲ್ಲಕ್ಕಿಂತ ಮೊದಲು ಹೋಗಬೇಕಾದದ್ದೇ ಅದು.
ಕೇಳಬೇಡಿ.

ಈ ಮಾರ್ಚ್, ಸಂಗೀತಶಾಲೆಯ ಏಳನೇ ಕೋಣೆ.
ಬಲತುದಿಯ ಎಂಟು ಮನೆ, ಬಿಳಿದು ಕರಿದು, ಒಂದೊಂದೇ ಒತ್ತಿದೆ.
ಮರದ ಟಕ್ ಕೇಳಿಸಿತು.
ಅದರ ಮೇಲೆ ಕೂರಬೇಕಾದದ್ದು ಕೂರಲಿಲ್ಲ.
ಎರಡು ತಂತಿ ಒಂದಕ್ಕೊಂದು ಒಗ್ಗದಿದ್ದಾಗ ಏಳುವ ಅಲೆ,
ಮೂವತ್ತು ವರ್ಷ ನಾನು ಎಣಿಸಿ ಎಣಿಸಿ ಹೊಟ್ಟೆ ಹೊರೆದ ಅಲೆ
ನಿಂತ ನೀರಾಗಿತ್ತು.
ಶ್ರುತಿ ಸೇರಿತೆಂದೇ ಒಂದು ಗಳಿಗೆ ಖುಷಿಪಟ್ಟೆ.
ಕಿಟಕಿಯ ಬಳಿ ಬಾಚೊ, ಹತ್ತೊಂಬತ್ತರ ಹುಡುಗ,
ಹಲ್ಲುನೋವು ಬಂದವನ ಹಾಗೆ ಮುಖ ಕಿವುಚಿದ.

ಕೈ ಗಟ್ಟಿಯಾಗಿಯೇ ಇದೆ.
ಕೈಕೊಟ್ಟದ್ದು ಕಿವಿ.

ಫೋನಿನಲ್ಲೇ ಯಂತ್ರವಿದೆ, ಮುಳ್ಳು ನಡುವಿಗೆ ಬಂದರೆ ಹಸಿರು.
ಒಂದು ವಾರ ಇಟ್ಟು ನೋಡಿದೆ.
ಸರಿಯಾಗಿಯೇ ಹೇಳುತ್ತದೆ,
ತಪ್ಪಾದರೆ ಅದಕ್ಕೆ ನೋಯುವುದಿಲ್ಲ, ಅಷ್ಟೆ.

ಬಾಚೊಗೆ ಕೈ ಇನ್ನೂ ಬಂದಿಲ್ಲ,
ತಿಂಗಳಲ್ಲಿ ಮೂರು ತಂತಿ ಹರಿದಿದ್ದಾನೆ.
ಬಾ, ಪಕ್ಕದಲ್ಲಿ ಕೂರು, ಎಂಟು ಮನೆ ಮುಗಿಯುವವರೆಗೆ
ಸ್ವಲ್ಪ ಕಿವಿ ಕೊಡು ಎಂದೆ.
ಮೇಲೆ, ಅಂದ. ಇನ್ನೊಂದು ಕೂದಲೆಳೆ. ಹೆಚ್ಚಾಯಿತು. ಹಾಂ, ನಿಲ್ಲಿ.
ನನ್ನ ಮಣಿಕಟ್ಟು ಅವನ ಮಾತಿಗೆ ತಿರುಗಿತು,
ಕತ್ತಲಲ್ಲಿ ಯಾರದೋ ಭುಜ ಹಿಡಿದು ಮೆಟ್ಟಿಲಿಳಿದಂತೆ.

ರಾತ್ರಿ ಲೆಕ್ಕದ ಪುಸ್ತಕ ತೆರೆದೆ.
ಬಾಚೊ, ಮೂವತ್ತು ಲಾರಿ. ಯಾವ ಖಾನೆಗೆ?
ಕೂಲಿ ಎಂದು ಬರೆದೆ, ಹೊಡೆದುಹಾಕಿದೆ.
ಉಪಕರಣ ಎಂದು ಬರೆದೆ. ಛೆ.
ಬಾಡಿಗೆ?
ಖಾನೆಯನ್ನು ಖಾಲಿ ಬಿಟ್ಟೆ, ಮೊತ್ತ ಮಾತ್ರ ಕೂಡಿದೆ.

ಆಚೆ ಕೋಣೆಯಿಂದ ಹುಡುಗ ಕೂಗಿದ:
ಲಮಾರಾ ಅತ್ತೆ, ಸೂಜಿ ಡಬ್ಬಿ ಎಲ್ಲಿಟ್ಟಿದ್ದೀರಿ?
ನಾಳೆ ನಾನೊಂದು ಚುಚ್ಚಿ ನೋಡಲೇ?

ಕೇಳಿಸಲಿಲ್ಲ ಎಂದೆ.